ಕುದುರೆಯ ಬೆನ್ನಿನ ಮೇಲಿಂದ ಕಂಡದ್ದು, ಕಾಣದ್ದು

ಪ್ರವಾಸ ಗ್ರಂಥಗಳನ್ನು ಓದುವಾಗ ಲೇಖಕನು ಏನೇನು ನೋಡಿದನೆಂಬುದಕ್ಕಿಂತ, ಯಾವುದರ ಮೇಲೆ ಕುಳಿತು ನೋಡಿದನೆಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು. ರೈಲಿನ ಕಿಟಕಿಯಿಂದ ಕಂಡ ಬೆಟ್ಟಕ್ಕೆ ಬಣ್ಣವಿರುತ್ತದೆ, ಏರಿಳಿತವಿರುವುದಿಲ್ಲ. ಕುದುರೆಯ ಬೆನ್ನಿನ ಮೇಲಿಂದ ಕಂಡ ಬೆಟ್ಟವು ಸವಾರನ ಮೊಣಕಾಲಿಗೂ ಸೊಂಟಕ್ಕೂ ಗೊತ್ತಿರುತ್ತದೆ. ಇಂಗ್ಲಿಷ್ ಮಹಿಳೆ ಇಸಬೆಲ್ಲಾ ಬರ್ಡ್ 1879ರಲ್ಲಿ ಪ್ರಕಟಿಸಿದ ‘ಎ ಲೇಡೀಸ್ ಲೈಫ್ ಇನ್ ದಿ ರಾಕಿ ಮೌಂಟನ್ಸ್’ ಈ ಎರಡನೆಯ ಜಾತಿಯ ಪುಸ್ತಕ. ನಮ್ಮ ಇಂಗ್ಲಿಷ್ ಓದುಗರಲ್ಲಿಯೂ ಇದನ್ನು ಬಲ್ಲವರು ವಿರಳವೆಂದು ತೋರುತ್ತದೆ.

1873ರಲ್ಲಿ ಹವಾಯಿ ದ್ವೀಪಗಳಿಂದ ಅಮೆರಿಕಕ್ಕೆ ಬಂದಿಳಿದಾಗ ಆಕೆಗೆ ನಲವತ್ತು ದಾಟಿತ್ತು. ಸ್ವದೇಶದಲ್ಲಿದ್ದಷ್ಟು ದಿನವೂ ಬೆನ್ನುಮೂಳೆಯ ಬೇನೆಯಿಂದ ನರಳುತ್ತಿದ್ದವಳು ಇಲ್ಲಿ ಕೊಲರಾಡೊದ ಬೆಟ್ಟಗಾಡಿನಲ್ಲಿ ಸುಮಾರು 800 ಮೈಲಿ ಕುದುರೆ ಸವಾರಿ ಮಾಡಿದಳು. ಅದರಲ್ಲಿ ಬಹುಭಾಗ ಒಂಟಿಯಾಗಿ, ಹಿಮದಲ್ಲಿ. ತಂಗಿ ಹೆನ್ರಿಯೆಟ್ಟಾಳಿಗೆ ಬರೆದ ಕಾಗದಗಳೇ 1878ರಲ್ಲಿ ‘ದಿ ಲೀಷರ್ ಅವರ್’ ಪತ್ರಿಕೆಯಲ್ಲಿ ಬಂದು, ಮರುವರ್ಷ ಪುಸ್ತಕವಾದುವು.

ಪುಸ್ತಕದ ಹೃದಯವಿರುವುದು ಎಸ್ಟೆಸ್ ಪಾರ್ಕ್ ಎಂಬ ಕಣಿವೆಯ ಒಂದು ರಾಂಚ್‌ನಲ್ಲಿ. ರಾಂಚ್ ಎಂದರೆ ದನ ಸಾಕುವ ವಿಸ್ತಾರವಾದ ಹುಲ್ಲುಗಾವಲು ಮತ್ತು ಅದರ ಮನೆಮಠ. ಒಡೆಯ ಗ್ರಿಫ್ ಇವಾನ್ಸ್ ವೇಲ್ಸ್ ಮೂಲದವನು. ವಾರಕ್ಕೆ ಎಂಟು ಡಾಲರಿಗೆ ಊಟ, ಗುಡಿಸಲು; ಜೊತೆಗೆ ಎಷ್ಟು ಬೇಕಾದರೂ ಸವಾರಿಗೆ ಒಂದು ಕುದುರೆ — ಅದು ಕೈಗೆ ಸಿಕ್ಕಿದರೆ! ಮುಂದೆ ಪಶ್ಚಿಮ ಅಮೆರಿಕದಲ್ಲಿ ‘ಡ್ಯೂಡ್ ರಾಂಚ್’ ಎಂಬ ಹೆಸರಿನಲ್ಲಿ ಪಟ್ಟಣಿಗರಿಗಾಗಿ ಇಂಥ ಅತಿಥಿಗೃಹಗಳು ಬೆಳೆದು, 1926ರಲ್ಲಿ ಅವುಗಳ ಒಡೆಯರ ಸಂಘವೂ ಆಯಿತು. ಬರ್ಡ್ ಉಳಿದದ್ದು ಆ ಉದ್ಯಮಕ್ಕೆ ಇನ್ನೂ ಹೆಸರಿಲ್ಲದಿದ್ದ ಕಾಲದಲ್ಲಿ.

ಹೆಸರಿಲ್ಲದಿದ್ದುದೇ ಪುಸ್ತಕಕ್ಕೆ ಲಾಭವಾಯಿತು. ಅತಿಥಿಗಾಗಿ ಸಿಂಗರಿಸಿಟ್ಟದ್ದು ಅಲ್ಲಿ ಏನೂ ಇಲ್ಲ. ದನ ಅಟ್ಟಲು ಆಳು ಸಾಲದಾದಾಗ ಇವಾನ್ಸ್ ಆಕೆಯನ್ನೇ ಕರೆಯುತ್ತಾನೆ, ಆಕೆ ಹೋಗುತ್ತಾಳೆ. ಆ ವರ್ಷದ ಆರ್ಥಿಕ ಮುಗ್ಗಟ್ಟಿನಲ್ಲಿ ಡೆನ್ವರಿನ ಬ್ಯಾಂಕುಗಳು ಹಣ ಕೊಡುವುದನ್ನು ನಿಲ್ಲಿಸಿದಾಗ, ಮುಂದೆ ಹೋಗಲು ಕಾಸಿಲ್ಲದೆ ಚಳಿಗಾಲದಲ್ಲಿ ಅಲ್ಲೇ ನಿಂತು, ಗುಡಿಸಿ, ಬೇಯಿಸಿ, ಇದ್ದ ದಿನಸಿಯನ್ನು ಅಳೆದು ಖರ್ಚು ಮಾಡುತ್ತಾಳೆ. ಲಾಂಗ್ಸ್ ಪೀಕ್ ಶಿಖರವನ್ನು ತಾನು ಹತ್ತಿದ್ದಲ್ಲ, ಜಿಮ್ ನ್ಯೂಜೆಂಟ್ ಎಂಬ ಕಾಡುಮನುಷ್ಯ ತನ್ನನ್ನು ಎಳೆದುಕೊಂಡು ಹೋದದ್ದು ಎಂದು ಒಪ್ಪಿಕೊಳ್ಳುತ್ತಾಳೆ. ಈ ನಿಗರ್ವವೇ ಆಕೆಯ ಗದ್ಯದ ಬಲ. ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಸವಾರಿ ಮಾಡಿದವಳನ್ನು ಲಂಡನ್ನಿನ ‘ಟೈಮ್ಸ್’ ಪುರುಷವೇಷಧಾರಿಣಿಯೆಂದಾಗ ಮಾತ್ರ ಕೆರಳಿ, ಎರಡನೆಯ ಮುದ್ರಣದಲ್ಲಿ ತನ್ನ ಉಡುಪನ್ನು ವರ್ಣಿಸಿ ಟಿಪ್ಪಣಿ ಸೇರಿಸಿದಳು!

ಇನ್ನು ಆಕೆಯ ಕುದುರೆ ‘ಬರ್ಡಿ’. ಹಿಮದಲ್ಲಿ ಅದು ದಣಿದರೆ ಇವಳು ಇಳಿದು ನಡೆಯುತ್ತಾಳೆ. ರಾತ್ರಿ ತಂಗುವ ಮನೆ ಹೇಗಿದೆಯೆಂಬುದರೊಡನೆ ಕುದುರೆಗೆ ಮೇವಿದೆಯೇ ಎಂಬುದೂ ಬಂದೇ ಬರುತ್ತದೆ. ಅದರ ಜಾಣತನ, ಸಹನೆ, ಚೇಷ್ಟೆಗಳನ್ನು ಬಣ್ಣಿಸುವಾಗ ಲೇಖನಿ ಮೃದುವಾಗುತ್ತದೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಬರ್ಡಿ ‘ಇಂಡಿಯನ್’ ಪೋನಿಯೆಂದು ಆಕೆಯೇ ಬರೆದಿದ್ದಾಳೆ. ಅಂದರೆ ಅಮೆರಿಕದ ಮೂಲನಿವಾಸಿಗಳ ಕುದುರೆ. ಕುದುರೆಗೆ ಸಂದ ಮಮತೆ ಆ ಜನಕ್ಕೆ ಸಲ್ಲಲಿಲ್ಲ. ಪುಸ್ತಕದ ಆರಂಭದಲ್ಲಿ ಟ್ರಕಿ ಊರಿನ ಬಳಿ ಕಂಡ ಮೂಲನಿವಾಸಿಗಳ ವರ್ಣನೆಯಲ್ಲಿರುವುದು ಬರಿಯ ಜುಗುಪ್ಸೆ. ಸರ್ಕಾರದ ಏಜೆನ್ಸಿ ಅವರಿಗೆ ಬಗೆದ ಮೋಸವನ್ನು ಮುಂದೆ ಖಂಡಿಸುತ್ತಾಳೆ, ನಿಜ. ಆದರೆ ಆ ಖಂಡನೆಯಲ್ಲಿಯೂ ಅವರೊಂದು ‘ಸಮಸ್ಯೆ’, ಮನುಷ್ಯರಲ್ಲ. ಎಸ್ಟೆಸ್ ಪಾರ್ಕ್ ಆರಪಾಹೊ ಜನ ಬೇಸಗೆಯಲ್ಲಿ ಬೇಟೆಗೆ ಬರುತ್ತಿದ್ದ ನೆಲ. ಆಕೆ ಬರುವುದಕ್ಕೆ ಒಂಬತ್ತು ವರ್ಷ ಮೊದಲು, 1864ರ ನವೆಂಬರಿನಲ್ಲಿ, ಅದೇ ಕೊಲರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಸೈನಿಕರು ಚೆಯೆನ್ ಮತ್ತು ಆರಪಾಹೊ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದಿದ್ದರು. ಎಂಟು ಡಾಲರಿಗೆ ಸಿಕ್ಕಿದ ಆ ನಿರ್ಜನ ಸೌಂದರ್ಯವು ನಿರ್ಜನವಾದದ್ದು ಹೇಗೆಂಬ ಪ್ರಶ್ನೆ ಈ ಅತಿಥಿಯನ್ನು ಕಾಡುವುದಿಲ್ಲ.

ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಯೊಬ್ಬ ಎದ್ದು, “ಅದು ಆ ಕಾಲದ ದೋಷವಲ್ಲವೇ, ಸಾರ್?” ಎಂದ. ಕಾಲದ ದೋಷವೆಂದು ನಾನು ಒಪ್ಪುತ್ತಿದ್ದೆ, ಆಕೆ ಎಲ್ಲ ವಿಷಯಗಳಲ್ಲಿಯೂ ಕಾಲಕ್ಕೆ ತಲೆಬಾಗಿದ್ದರೆ. ಹೆಣ್ಣು ಹೇಗೆ ಕುದುರೆಯೇರಬೇಕೆಂಬುದರಲ್ಲಿ ಕಾಲವನ್ನು ಧಿಕ್ಕರಿಸಿದವಳು, ಒಂಟಿಯಾಗಿ ಹಿಮದ ಕಣಿವೆ ದಾಟಿದವಳು, ಇದೊಂದರಲ್ಲಿ ಮಾತ್ರ ಕಾಲದ ಹಿಂದೆ ನಡೆದಳು. ದುರ್ಬಲ ಲೇಖಕಿಯಾಗಿದ್ದರೆ ನಾವು ಇದನ್ನು ಕೇಳುತ್ತಲೇ ಇರಲಿಲ್ಲ.

ಹಾಗೆಂದು ಪುಸ್ತಕವನ್ನು ಬದಿಗಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ನಾವೂ ರಜೆಯಲ್ಲಿ ಬೆಟ್ಟಗಾಡಿಗೆ ಹೋಗಿ, ಹಣ ಕೊಟ್ಟು ತಂಗಿ, ಅಲ್ಲಿಯ ಮೌನವನ್ನು ಹೊಗಳಿ ಬರುವವರೇ. ಆ ಮೌನದಲ್ಲಿ ಯಾರ ದನಿ ಅಡಗಿಹೋಗಿದೆಯೆಂದು ಕೇಳಿದವರೆಷ್ಟು ಮಂದಿ? ಬರ್ಡ್‌ಳನ್ನು ಓದಿ ಮುಗಿಸಿದಾಗ ಆ ಪ್ರಶ್ನೆ ಆಕೆಯನ್ನು ಬಿಟ್ಟು ನಮ್ಮ ಕಡೆಗೆ ತಿರುಗುತ್ತದೆ.