ಎರಡನೆಯ ಯಂತ್ರ

ಹಳೆಯ ಮಿನಿಕಂಪ್ಯೂಟರುಗಳ ಹುಚ್ಚು ಹತ್ತಿಸಿಕೊಂಡವರಿಗೆ ನಾನು ಮೊದಲು ಹೇಳುವುದು ಇಷ್ಟು: ಒಂದನ್ನೇ ಓಡಿಸಿ ನಿಲ್ಲಬೇಡಿ. ಎರಡನ್ನು ಓಡಿಸಿ, ಒಂದನ್ನೊಂದು ಮಾತಿಗೆ ಹಚ್ಚಿ. ಒಂಟಿ ಪಿಡಿಪಿ-11ರ ಮುಂದೆ ಕೂತವರಿಗೆ ಕೆಲವೇ ದಿನಗಳಲ್ಲಿ ಮಾಡುವ ಕೆಲಸ ತೀರಿಹೋಗುತ್ತದೆ. ಲಾಗಿನ್ ಆಗುತ್ತೀರಿ, ಫೈಲುಗಳ ಪಟ್ಟಿ ನೋಡುತ್ತೀರಿ, ಸಣ್ಣದೊಂದು ಪ್ರೋಗ್ರಾಂ ಬರೆದು ಓಡಿಸುತ್ತೀರಿ. ಆಮೇಲೆ ಅದು ನೋಡಿ ಮುಗಿದ ವಸ್ತು. ಎರಡನೆಯ ಯಂತ್ರ ಬಂದ ಕೂಡಲೇ ಮೊದಲನೆಯದಕ್ಕೆ ಹೆಸರು ಬೇಕು, ವಿಳಾಸ ಬೇಕು, ಆಚೆಯಿಂದ ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕೆಂಬ ತೀರ್ಮಾನ ಬೇಕು. ಅದನ್ನು ಕಟ್ಟಿದ ಎಂಜಿನಿಯರುಗಳ ತಲೆ ಹೇಗೆ ಓಡುತ್ತಿತ್ತು ಎಂಬುದು ಕಾಣಿಸುವುದು ಅಲ್ಲಿ.

ಹೊಸಬರಿಗಾಗಿ ನಾಲ್ಕು ಮಾತು. ಪಿಡಿಪಿ-11 ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1970ರಲ್ಲಿ ತಂದ 16 ಬಿಟ್ಟಿನ ಯಂತ್ರ. 1977ರಲ್ಲಿ ಅದೇ ಕಂಪನಿಯಿಂದ 32 ಬಿಟ್ಟಿನ ವ್ಯಾಕ್ಸ್ ಬಂತು. ಬೀರುವಿನಷ್ಟು ದೊಡ್ಡದಾದ ಆ ಯಂತ್ರಗಳನ್ನು ಇಂದು ಮನೆಗೆ ತರುವುದು ಆಗದ ಮಾತು, ತರಬೇಕಾಗಿಯೂ ಇಲ್ಲ. ಡಿಜಿಟಲ್‌ನಲ್ಲೇ ಕೆಲಸ ಮಾಡಿದ ಬಾಬ್ ಸುಪ್ನಿಕ್ 1993ರಲ್ಲಿ ಶುರುಮಾಡಿದ ಸಿಮ್‌ಹೆಚ್ ಎಂಬ ಎಮ್ಯುಲೇಟರ್ ಆ ಯಂತ್ರಗಳ ಪ್ರತಿಯೊಂದು ಆಜ್ಞೆಯನ್ನೂ ಸಾಫ್ಟ್‌ವೇರಿನಲ್ಲೇ ನಡೆಸುತ್ತದೆ. ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಮೇಲೆ ಎರಡು ಪಿಡಿಪಿಗಳು ಮೂಲ ಯಂತ್ರಕ್ಕಿಂತ ವೇಗವಾಗಿ ಓಡುತ್ತವೆ. ದೀಪ, ಸ್ವಿಚ್ಚುಗಳಿರುವ ಪಿಡಿಪಿ-11/70ರ ಮುಖಫಲಕವನ್ನು ಅಳತೆ ತಗ್ಗಿಸಿ ಮಾಡಿದ ಕಿಟ್ ಕೂಡ ಸಿಗುತ್ತದೆ. ಚೆಂದವಾಗಿದೆ. ಆದರೆ ಆ ದುಡ್ಡನ್ನು ಮೊದಲು ಇನ್ನೊಂದು ಪೈ ಮೇಲೆ ಹಾಕಿ.

ಈ ಹವ್ಯಾಸಕ್ಕೆ ಬೆಂಗಳೂರಿನ ಹೊರಮಾವಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಪಕ್ಕದಲ್ಲೇ ದೂರವಾಣಿನಗರ. 1948ರಲ್ಲಿ ಹುಟ್ಟಿದ ಐಟಿಐ ಕಾರ್ಖಾನೆ ದೇಶಕ್ಕೆ ಟೆಲಿಫೋನುಗಳನ್ನೂ ಎಕ್ಸ್‌ಚೇಂಜುಗಳನ್ನೂ ಮಾಡಿಕೊಟ್ಟದ್ದು ಅಲ್ಲಿಂದ. ಊರಿನ ಇನ್ನೊಂದು ದಿಕ್ಕಿಗೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ ಅರ್ನೆಟ್ ಜಾಲವನ್ನು ಶುರುಮಾಡಿದಾಗ ಅದರಲ್ಲಿದ್ದದ್ದು ಎಂಟೇ ಸಂಸ್ಥೆಗಳು: ಐದು ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ, ದೆಹಲಿಯ ಇಲಾಖೆ, ಮತ್ತು ನಮ್ಮ ಐಐಎಸ್‌ಸಿ. ಐಐಎಸ್‌ಸಿಯ ಮೇಲ್ ಯಂತ್ರದ ಹೆಸರು ವಿಜ್ಞಾನ್, ಎನ್‌ಸಿಎಸ್‌ಟಿಯದ್ದು ಶಕ್ತಿ. ದೇಶದಾಚೆಯ ಮೇಲ್ ಎನ್‌ಸಿಎಸ್‌ಟಿಯ ಮೂಲಕವೇ ಅಮೆರಿಕದ ಯುಯುನೆಟ್‌ಗೆ ಹೋಗುತ್ತಿತ್ತು. 1989ರಲ್ಲಿ ಆ ಕೊಂಡಿಯ ವೇಗ ಸೆಕೆಂಡಿಗೆ 9,600 ಬಿಟ್. ಒಂದು ಮೆಗಾಬೈಟ್ ದಾಟಲು ಸುಮಾರು 15 ನಿಮಿಷ, ಅದೂ ಇಡೀ ಲೈನು ನಿಮ್ಮೊಬ್ಬರಿಗೇ ಸಿಕ್ಕರೆ.

ನನ್ನ ಎರಡು ಪಿಡಿಪಿಗಳಿಗೂ ಇದೇ ಹೆಸರಿಟ್ಟಿದ್ದೇನೆ, ವಿಜ್ಞಾನ್ ಮತ್ತು ಶಕ್ತಿ. ಗೌರವಕ್ಕಾಗಿ ಇಟ್ಟ ಹೆಸರುಗಳು ಇನ್ನೊಂದು ಕಾರಣಕ್ಕೂ ಒದಗಿಬಂದವು. ಡಿಜಿಟಲ್ ಕಂಪನಿಯದೇ ಜಾಲವ್ಯವಸ್ಥೆಯಾದ ಡೆಕ್‌ನೆಟ್‌ನಲ್ಲಿ ಯಂತ್ರದ ಹೆಸರು ಆರು ಇಂಗ್ಲಿಷ್ ಅಕ್ಷರ ಮೀರುವಂತಿಲ್ಲ. ಈ ಎರಡೂ ಸರಿಯಾಗಿ ಆರಕ್ಕೆ ಕೂರುತ್ತವೆ. ಹೊರಮಾವು ಎಂಟಾಗುತ್ತದೆ, ಹಿಡಿಸುವುದಿಲ್ಲ. ಪಕ್ಕದ ಅಗರ ಹಿಡಿಸುತ್ತದೆ.

ಆದರೆ ಡೆಕ್‌ನೆಟ್‌ನಿಂದ ಶುರುಮಾಡಬೇಡಿ. ಯುಯುಸಿಪಿಯಿಂದ ಶುರುಮಾಡಿ. 1979ರ ಏಳನೆಯ ಆವೃತ್ತಿಯ ಯುನಿಕ್ಸ್ ಜತೆಗೇ ಅದು ಬರುತ್ತದೆ. ಆ ಯುನಿಕ್ಸನ್ನು 2002ರ ಜನವರಿಯಲ್ಲಿ ಕಾಲ್ಡೆರಾ ಕಂಪನಿ ಮುಕ್ತವಾಗಿ ಬಿಟ್ಟಿರುವುದರಿಂದ ಲೈಸೆನ್ಸಿನ ಚಿಂತೆಯೂ ಇಲ್ಲ. ಬೇಕಾದದ್ದು ಒಂದು ಸೀರಿಯಲ್ ಲೈನ್ ಮಾತ್ರ. ಸಿಮ್‌ಹೆಚ್ ಒಳಗಿನ ಡಿಝಡ್11 ಎಂಬ ಕಾರ್ಡಿನ ಒಂದು ಲೈನನ್ನು ಎರಡನೆಯ ಯಂತ್ರದ ಲೈನಿಗೆ ಜೋಡಿಸಿದರೆ ಅದೇ ನಿಮ್ಮ ಟೆಲಿಫೋನ್ ತಂತಿ. ಯುಯುಸಿಪಿ ಅಂಚೆಚೀಲದ ಹಾಗೆ: ಕಾಗದಗಳು ಒಂದು ಕಡೆ ಸೇರುತ್ತ ಹೋಗುತ್ತವೆ, ಗೊತ್ತಾದ ಹೊತ್ತಿಗೆ ಯಂತ್ರ ಆಚೆಯದಕ್ಕೆ ಕರೆಮಾಡಿ ಇಡೀ ಚೀಲವನ್ನು ದಾಟಿಸುತ್ತದೆ. ಯಾರಿಗೆ, ಯಾವಾಗ, ಯಾವ ಲೈನಿನಲ್ಲಿ ಕರೆಮಾಡಬೇಕು ಎಂಬುದೆಲ್ಲ ಎಲ್.ಸಿಸ್ ಎಂಬ ಒಂದು ಫೈಲಿನಲ್ಲಿದೆ. ಅದರ ಸಾಲುಗಳನ್ನು ನಿಧಾನವಾಗಿ ಓದಿ. ಆಚೆಯ ಯಂತ್ರ ಲಾಗಿನ್ ಎಂದು ಕೇಳುವುದನ್ನು ಕಾಯಬೇಕಾದ ಕಡೆ, ಆ ಪದದ ಮೊದಲಕ್ಷರ ಬಿಟ್ಟು ಉಳಿದದ್ದಕ್ಕಷ್ಟೇ ಕಾಯುವಂತೆ ಬರೆಯುವುದು ರೂಢಿ. ಮೊದಲಕ್ಷರ ದೊಡ್ಡದೋ ಚಿಕ್ಕದೋ ಯಂತ್ರದಿಂದ ಯಂತ್ರಕ್ಕೆ ಬೇರೆ. ಲೈನಿನ ಗದ್ದಲದಲ್ಲಿ ಅದು ಕಳೆದೇ ಹೋಗಬಹುದು. ಕೆಟ್ಟ ಟೆಲಿಫೋನ್ ಲೈನುಗಳೊಂದಿಗೆ ಏಗಿದ ಒಂದು ತಲೆಮಾರಿನ ಅನುಭವವೆಲ್ಲ ಆ ಬಿಟ್ಟ ಅಕ್ಷರದಲ್ಲಿದೆ.

ವೇಗವನ್ನು 1,200 ಬಾಡ್‌ಗೆ ಇಳಿಸಿ. ಪೂರ್ತಿ ವೇಗದಲ್ಲಿ ಬಿಟ್ಟರೆ ಕಾಗದ ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುತ್ತದೆ, ಏನು ನಡೆಯಿತೆಂದು ಗೊತ್ತೇ ಆಗುವುದಿಲ್ಲ. 1,200ರಲ್ಲಿ ಸೆಕೆಂಡಿಗೆ 120 ಅಕ್ಷರ. 3,000 ಅಕ್ಷರದ ಕಾಗದಕ್ಕೆ 25 ಸೆಕೆಂಡು, ಮೇಲೆ ಪ್ರೊಟೊಕಾಲಿನ ಹೊರೆ ಬೇರೆ. 64 ಬೈಟಿನ ತುಂಡುಗಳಾಗಿ ಅದು ಸಾಗುವುದನ್ನೂ ಆಚೆಯಿಂದ ರಸೀದಿ ಬರುವುದನ್ನೂ ಕೂತು ನೋಡಬಹುದು. ಆ ಕಾಲದ ಮೇಲ್ ಯಾಕೆ ಅಷ್ಟು ಚಿಕ್ಕದಾಗಿರುತ್ತಿತ್ತು, ಯಾಕೆ ಅದನ್ನು ರಾತ್ರಿ ಕಳಿಸುತ್ತಿದ್ದರು ಎಂಬುದನ್ನು ಪುಸ್ತಕ ಓದಿ ತಿಳಿಯುವುದು ಬೇರೆ, ಹೀಗೆ ನೋಡಿ ತಿಳಿಯುವುದು ಬೇರೆ.

ಇನ್ನು, ಪಿಡಿಪಿಯ ಆರ್‌ಎಸ್‌ಎಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ನಾನು ಓಡಿಸುವ ಡೆಕ್‌ನೆಟ್. ಇದರ ಮೇಲೆ ನನಗೆ ಇರುವ ಪ್ರೀತಿಯನ್ನು ಮುಚ್ಚಿಡುವುದಿಲ್ಲ. 1980ರ ಮೂರನೆಯ ಹಂತದಲ್ಲಿ ಒಂದು ಜಾಲಕ್ಕೆ 255 ಯಂತ್ರಗಳ ಮಿತಿ ಇತ್ತು. 1982ರ ನಾಲ್ಕನೆಯ ಹಂತ ಈಥರ್ನೆಟ್ಟನ್ನೂ 16 ಬಿಟ್ಟಿನ ವಿಳಾಸವನ್ನೂ ತಂದಿತು: ವಲಯಕ್ಕೆ 6 ಬಿಟ್, ಯಂತ್ರಕ್ಕೆ 10. ಅಂದರೆ 63 ವಲಯ, ಒಂದೊಂದರಲ್ಲಿ 1,023 ಯಂತ್ರ. ನನ್ನ ವಿಜ್ಞಾನ್‌ನ ವಿಳಾಸ 1.20. 1ನ್ನು 1,024ರಿಂದ ಗುಣಿಸಿ 20 ಕೂಡಿಸಿದರೆ 1,044. ಅದನ್ನು ಹದಿನಾರರ ಪದ್ಧತಿಯಲ್ಲಿ ಬರೆದರೆ 0414. ಕೆಳಗಿನ ಬೈಟನ್ನು ಮುಂದಿಟ್ಟು ಎಎ-00-04-00 ಎಂಬುದರ ಬಾಲಕ್ಕೆ ಸೇರಿಸಿದರೆ ಎಎ-00-04-00-14-04. ಡೆಕ್‌ನೆಟ್ ಏಳುವಾಗ ಈಥರ್ನೆಟ್ ಕಾರ್ಡಿಗೆ ಕಾರ್ಖಾನೆ ಕೊಟ್ಟ ವಿಳಾಸವನ್ನು ಬದಿಗಿಟ್ಟು ಇದನ್ನೇ ಹಾಕಿಕೊಳ್ಳುತ್ತದೆ. ಇಂದಿನ ಜಾಲಗಳಲ್ಲಿ ಒಂದು ಐಪಿ ವಿಳಾಸ ಯಾವ ಕಾರ್ಡಿನದೆಂದು ಕೂಗಿ ಕೇಳಬೇಕು. ಇಲ್ಲಿ ಕೇಳುವುದೇ ಬೇಡ, ಲೆಕ್ಕ ಹಾಕಿದರೆ ಸಾಕು. ಎಷ್ಟು ಅಚ್ಚುಕಟ್ಟಾದ ಯೋಚನೆ!

ಹೊಸಬರು ಸೋಲುವುದೂ ಇಲ್ಲಿಯೇ. ನಮ್ಮ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಫೈಬರ್ ಬಂದು ರೂಟರಿಗೆ ನಿಲ್ಲುತ್ತದೆ, ಅಲ್ಲಿಂದಾಚೆ ಎಲ್ಲವೂ ವೈಫೈ. ವೈಫೈ ರೂಟರ್ ತನಗೆ ಪರಿಚಯವಾದ ಕಾರ್ಡಿನ ವಿಳಾಸವನ್ನು ಮಾತ್ರ ಒಪ್ಪುತ್ತದೆ. ಎಎ-00ದಿಂದ ಶುರುವಾಗುವ ಅಪರಿಚಿತ ವಿಳಾಸದ ಫ್ರೇಮುಗಳನ್ನು ಸದ್ದಿಲ್ಲದೆ ಬಿಸಾಡುತ್ತದೆ. ತಪ್ಪಿನ ಸಂದೇಶ ಕೂಡ ಬರುವುದಿಲ್ಲ. ಆದ್ದರಿಂದ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಿಂದ ಎರಡು ತುಂಡು ಕೇಬಲ್, ಒಂದು ಸಣ್ಣ ಸ್ವಿಚ್ ತನ್ನಿ. ಎರಡು ಯಂತ್ರವನ್ನೂ ಒಂದೇ ಪೈ ಮೇಲೆ ಓಡಿಸುವುದಾದರೆ ಲಿನಕ್ಸ್‌ನ ಟ್ಯಾಪ್ ಮತ್ತು ಬ್ರಿಜ್ ಬಳಸಿ. ಸಿಮ್‌ಹೆಚ್‌ನ ನ್ಯಾಟ್ ಸೌಲಭ್ಯ ಸುಲಭವೆಂದು ಅದಕ್ಕೆ ಕೈಹಾಕಬೇಡಿ, ಅದು ಐಪಿಯನ್ನು ಮಾತ್ರ ದಾಟಿಸುತ್ತದೆ. ಲಿನಕ್ಸ್ ತನ್ನೊಳಗಿದ್ದ ಡೆಕ್‌ನೆಟ್ಟನ್ನು 2022ರ 6.1 ಆವೃತ್ತಿಯಲ್ಲಿ ಕಿತ್ತುಹಾಕಿತಲ್ಲ ಎಂದು ಗಾಬರಿಯೂ ಬೇಡ. ಬ್ರಿಜ್ ಫ್ರೇಮುಗಳ ಒಳಗೆ ಇಣುಕುವುದಿಲ್ಲ. ಎಲ್ಲ ಸರಿಯಿದ್ದರೆ ಕನ್ಸೋಲಿನ ಮೇಲೆ 4.15 ಎಂಬ ಸಂಖ್ಯೆಯ ಘಟನೆ ಮೂಡುತ್ತದೆ: ಪಕ್ಕದ ಯಂತ್ರ ಸಿಕ್ಕಿತು. ಅಲ್ಲಿಂದ ಮುಂದೆ ಫೈಲಿನ ಹೆಸರಿಗೆ ಮೊದಲು ಶಕ್ತಿ ಎಂದು ಬರೆದು ಎರಡು ಕೋಲನ್ ಹಾಕಿದರೆ ಅಲ್ಲಿಯ ಫೈಲು ಇಲ್ಲಿಗೆ ಬರುತ್ತದೆ.

ಕೈ ಪಳಗಿದವರು ಈಥರ್ನೆಟ್ ಬಿಟ್ಟು ಡಿಎಂಸಿ11 ಕಾರ್ಡಿನ ಮೇಲೆ ಡಿಡಿಸಿಎಂಪಿ ಓಡಿಸಿ ನೋಡಲೇಬೇಕು. ಈ ಪ್ರೊಟೊಕಾಲ್ ಪ್ರತಿ ಸಂದೇಶದ ಉದ್ದವನ್ನು ತಲೆಬರಹದಲ್ಲೇ ಹೇಳುತ್ತದೆ, ತಲೆಬರಹಕ್ಕೂ ಒಡಲಿಗೂ ಬೇರೆಬೇರೆ ತಾಳೆಸಂಖ್ಯೆ ಇಡುತ್ತದೆ. ಫೈಲು ಹೋಗುತ್ತಿರುವಾಗ ನಡುವೆ ಕೊಂಡಿ ಕಡಿದು ಮತ್ತೆ ಜೋಡಿಸಿ. ಲೈನಿನ ಲೆಕ್ಕದ ಪಟ್ಟಿ ತೆಗೆದರೆ ಏನಾಯಿತೆಂದು ಕಾಣುತ್ತದೆ.

ಒಂದು ವಿಷಯದಲ್ಲಿ ನನಗೆ ಬೇಸರವಿದೆ. ಡೆಕ್‌ನೆಟ್ ಮೆರೆದದ್ದು ವ್ಯಾಕ್ಸ್‌ನ ಆಪರೇಟಿಂಗ್ ಸಿಸ್ಟಮ್ ಆದ ವಿಎಂಎಸ್ ಮೇಲೆ. ಡಿಜಿಟಲ್ 1998ರಲ್ಲಿ ಕಾಂಪ್ಯಾಕ್‌ಗೆ, ಕಾಂಪ್ಯಾಕ್ 2002ರಲ್ಲಿ ಎಚ್‌ಪಿಗೆ ಸೇರಿತು. 2009ರಲ್ಲಿ ವಿಎಂಎಸ್ ಅಭಿವೃದ್ಧಿಯ ಕೆಲಸ ಅಮೆರಿಕದಿಂದ ಬೆಂಗಳೂರಿಗೆ ಬಂತು. ಆ ಮಹಾ ವ್ಯವಸ್ಥೆಯನ್ನು ಕೆಲವು ವರ್ಷ ಕಾಪಾಡಿದ್ದು ಈ ಊರಿನ ಎಂಜಿನಿಯರುಗಳು. ಆದರೆ ವ್ಯಾಕ್ಸ್‌ಗಿದ್ದ ಹವ್ಯಾಸಿ ಲೈಸೆನ್ಸ್ 2021ರ ಕೊನೆಗೆ ಮುಗಿದುಹೋಯಿತು. ಹಾಗಾಗಿ ನಾನು ಪಿಡಿಪಿಯ ಆರ್‌ಎಸ್‌ಎಕ್ಸ್‌ನಲ್ಲೇ ಇದ್ದೇನೆ. ಅದಕ್ಕೆ ಎಮ್ಯುಲೇಟರಿನ ಮೇಲೆ ಹವ್ಯಾಸಕ್ಕಾಗಿ ಬಳಸುವ ಅನುಮತಿ ಇದೆ. ಐಪಿ ಬೇಕೆನ್ನುವವರಿಗೆ 2.11 ಬಿಎಸ್‌ಡಿ ಇದೆ. 64 ಕಿಲೋಬೈಟಿನ ವಿಳಾಸದ ಜಾಗದಲ್ಲಿ ಕರ್ನಲ್ ಜತೆ ಟಿಸಿಪಿ ಹಿಡಿಸದ್ದರಿಂದ ಅದನ್ನು ಪಿಡಿಪಿಯ ಸೂಪರ್‌ವೈಸರ್ ಮೋಡಿನಲ್ಲಿ ಕೂರಿಸಿದ ಜಾಣ್ಮೆ ನೋಡುವಂಥದ್ದು.

ಇದಕ್ಕಿಂತ ದೊಡ್ಡ ಕೊರತೆ ನಮ್ಮದೇ ಯಂತ್ರಗಳದ್ದು. ಹೈದರಾಬಾದಿನ ಇಸಿಐಎಲ್ ಕಂಪನಿ ಟಿಡಿಸಿ-12, ಟಿಡಿಸಿ-312, ಟಿಡಿಸಿ-316 ಎಂಬ ಮಿನಿಕಂಪ್ಯೂಟರುಗಳನ್ನು ಮಾಡಿತ್ತು. ಸಿಮ್‌ಹೆಚ್‌ನ ಪಟ್ಟಿಯಲ್ಲಿ ಅವುಗಳಲ್ಲಿ ಒಂದೂ ಇಲ್ಲ. ಎಮ್ಯುಲೇಟರ್ ಬರೆಯಲು ಬೇಕಾದದ್ದು ಹೆಚ್ಚೇನಲ್ಲ: ಆಜ್ಞೆಗಳ ಕೈಪಿಡಿ, ಹೊರಸಾಧನಗಳ ರಿಜಿಸ್ಟರುಗಳ ವಿವರ, ಓಡಿಸಿ ನೋಡಲು ಒಂದಾದರೂ ಟೇಪು. ಇವಿಷ್ಟಿದ್ದರೆ ಟಿಡಿಸಿ-316ಕ್ಕೂ ಒಂದು ಸೀರಿಯಲ್ ಲೈನ್ ಎಳೆದು ವಿಜ್ಞಾನ್ ಪಕ್ಕದಲ್ಲಿ ಕೂರಿಸಬಹುದು. ದೂರವಾಣಿನಗರ, ಬಾಣಸವಾಡಿ, ಬೈಯಪ್ಪನಹಳ್ಳಿ ಸುತ್ತ ಸರ್ಕಾರಿ ಕಾರ್ಖಾನೆಗಳಲ್ಲಿ ಆಯುಷ್ಯ ಸವೆಸಿದ ಎಂಜಿನಿಯರುಗಳ ಮನೆಗಳು ಎಷ್ಟೋ ಇವೆ. ಅಟ್ಟದ ಮೇಲೆ ಅಂಥ ಕೈಪಿಡಿ ಕಂಡರೆ ದಯವಿಟ್ಟು ಹಳೇ ಪೇಪರಿನವರಿಗೆ ಹಾಕಬೇಡಿ. ಎಲ್ಲ ಪುಟಗಳನ್ನೂ, ಖಾಲಿ ಪುಟ ಮತ್ತು ರಟ್ಟು ಸೇರಿಸಿ, ಸ್ಕ್ಯಾನ್ ಮಾಡಿ. ಪೇಪರ್ ಟೇಪ್ ಸಿಕ್ಕರೆ ಮಡಿಸಬೇಡಿ, ಸುರುಳಿಯಾಗಿಯೇ ಒಣ ಜಾಗದಲ್ಲಿಡಿ. ಅದರ ತೂತುಗಳನ್ನು ಫೋಟೊ ತೆಗೆದೂ ಓದಬಹುದು.