ತಲೆ ಎಣಿಸುವ ಕೆಲಸ

ನೀರುಹಕ್ಕಿಗಳ ರಕ್ಷಣೆಗೆ ಹೊರಟ ಸ್ವಯಂಸೇವಕರ ಮೊದಲ ಕೆಲಸ ಎಣಿಕೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೇ ಇದಕ್ಕೆ ಸಾಕ್ಷಿ. ತುಂಗಭದ್ರೆಯ ಹಿನ್ನೀರಿಗೆ ಹತ್ತಿರದ ಈ ಹಳೆಯ ನೀರಾವರಿ ಕೆರೆಯ ಹರವು 98.76 ಹೆಕ್ಟೇರ್. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರ ಜನವರಿಯಲ್ಲಿ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿತು.

ಕಡಲಹಕ್ಕಿಗಳು ಗೂಡಿಗಾಗಿ ಜನವಸತಿಯಿಲ್ಲದ ನಡುಗಡ್ಡೆಗಳನ್ನು ಹುಡುಕುವ ಕಾರಣವೇ ಈ ಕೆರೆಯಲ್ಲೂ ಇದೆ. ಕೆರೆಯೊಳಗೆ ನಿಂತ ಒಂದೊಂದು ಕರಿಜಾಲಿಯೂ ಒಂದೊಂದು ನಡುಗಡ್ಡೆ. ಸುತ್ತ ನೀರಿರುವವರೆಗೆ ನಾಯಿ, ನರಿ, ಕಾಡುಬೆಕ್ಕುಗಳು ಬುಡ ಮುಟ್ಟುವುದು ಕಷ್ಟ, ಮೇಲೆ ಮುಳ್ಳಿನ ಕಾವಲು ಬೇರೆ. ನೀರು ಇಳಿದರೆ ಕಾವಲೂ ಹೋಯಿತು. ಆದ್ದರಿಂದ ಕೆರೆಯಲ್ಲಿ ಮರಿಗಳ ರೆಕ್ಕೆ ಬಲಿಯುವವರೆಗೂ ನೀರು ಉಳಿಯುವುದು ಬೇಲಿ ಹಾಕುವುದಕ್ಕಿಂತ ಮುಖ್ಯ. ಹಿಕ್ಕೆ ಬಿದ್ದು ಬಿದ್ದು ಸೊರಗಿದ ಹಳೆಯ ಜಾಲಿಗಳ ಜಾಗಕ್ಕೆ ಬೇಸಿಗೆಯಲ್ಲಿ, ಕೆರೆಯಂಗಳ ಒಣಗಿದಾಗ, ಹೊಸ ಸಸಿ ನೆಡುವುದು ಆಮೇಲಿನ ಮಾತು.

ಎಣಿಕೆ ಏಕೆ ಮೊದಲೆಂದರೆ, ರಾಮ್‌ಸಾರ್ ಒಪ್ಪಂದ ಒಂದು ಜಾಗವನ್ನು ತೂಗುವ ಅಳತೆಗಳಲ್ಲಿ ನೀರುಹಕ್ಕಿಗಳ ಕುರಿತ ಎರಡು ಬರೀ ಲೆಕ್ಕದವು. ಅಲ್ಲಿ ನಿಯತವಾಗಿ 20,000 ಅಥವಾ ಅದಕ್ಕೂ ಹೆಚ್ಚು ನೀರುಹಕ್ಕಿಗಳಿರಬೇಕು, ಇಲ್ಲವೇ ಒಂದು ಜಾತಿಯ ಒಂದು ಪ್ರಾದೇಶಿಕ ಸಂಕುಲದ ಶೇ 1ರಷ್ಟಾದರೂ ಇರಬೇಕು. ಅಂಕಸಮುದ್ರ ಎರಡನ್ನೂ ಮುಟ್ಟಿದೆ. ಗೂಡು ಕಟ್ಟುವ, ರಾತ್ರಿ ತಂಗುವ ಹಕ್ಕಿಗಳು 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲು ಶೇ 1 ದಾಟಿವೆ. ಯಾರಾದರೂ ಕೆರೆ ಏರಿಯ ಮೇಲೆ ನಸುಕಿನಲ್ಲಿ ನಿಂತು ಎಣಿಸದೇ ಹೋಗಿದ್ದರೆ ಈ ಅಂಕಿಗಳು ಎಲ್ಲಿಂದ ಬರುತ್ತಿದ್ದವು?

ಜಾತಿಗಳ ಪಟ್ಟಿ ಬೆಳೆಸುವುದನ್ನೇ ಪಕ್ಷಿವೀಕ್ಷಣೆ ಎಂದುಕೊಂಡವರಿಗೆ ಈ ಎಣಿಕೆ ರುಚಿಸುವುದಿಲ್ಲ. ಅಪರೂಪದ ಒಂದು ಅತಿಥಿ ಬಂತೆಂದರೆ ಊರೂರಿನಿಂದ ಕ್ಯಾಮೆರಾ ಹೊತ್ತು ಬರುವವರು, ದಿನವೂ ಕಾಣುವ ಸಾವಿರ ನೀರುಕಾಗೆಗಳತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಕೆರೆಯ ಆರೋಗ್ಯ ಹೇಳುವುದು ಆ ನೀರುಕಾಗೆಗಳ ಏರಿಳಿತವೇ. ಗೂಡಿನ ಚಿತ್ರಕ್ಕಾಗಿ ಹತ್ತಿರ ನುಗ್ಗುವುದು, ಡ್ರೋನ್ ಹಾರಿಸುವುದು ಇನ್ನೂ ಕೆಟ್ಟದ್ದು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ತಗ್ಗಿದಾಗ ತಲೆಯೆತ್ತುವ ನಿರ್ಜನ ದಿಬ್ಬಗಳ ಮೇಲೆ ರಿವರ್ ಟರ್ನ್ ಎಂಬ ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ. ಕಲ್ಲು ಮಣ್ಣಿನ ಬಣ್ಣದ ಆ ಮೊಟ್ಟೆಗಳು ಕಾಲಿಗೆ ಸಿಕ್ಕುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಗಂಡು ಹೆಣ್ಣು ಸರದಿಯಂತೆ ಕೂತು ಬಿಸಿಲಿಗೆ ಮರೆಯಾಗುತ್ತವೆ. ಮನುಷ್ಯ ದಿಬ್ಬ ಹತ್ತಿದರೆ ಅವು ಏಳುತ್ತವೆ, ಮೊಟ್ಟೆ ಬೇಯುತ್ತದೆ. ಅಂಥ ಕಡೆ ಸೇವೆಯೆಂದರೆ ದೋಣಿಯಿಂದ ಇಳಿಯದಿರುವುದು.  ಅಂಕಸಮುದ್ರದಲ್ಲೂ ಅದೇ ಶಿಸ್ತು ಬೇಕು.

ಎಣಿಸುವ ಕ್ರಮ ಬಲ್ಲವರಿಗೆ ಹೊಸದಲ್ಲ. ಹಕ್ಕಿಗಳು ಮೇವಿಗೆ ಹೊರಡುವ ಮೊದಲೇ ಏರಿಯ ಮೇಲಿರಬೇಕು. ಗುಂಪಿನ ಒಂದು ತುಣುಕಿನಲ್ಲಿ ನೂರು ಎಣಿಸಿ, ಅಂಥ ತುಣುಕುಗಳೆಷ್ಟೆಂದು ನೋಡಬೇಕು. ಗೂಡಿನ ಲೆಕ್ಕವನ್ನು ತಲೆಯ ಲೆಕ್ಕಕ್ಕೆ ಬೆರೆಸಬಾರದು. ಸಂಜೆ ತಂಗಲು ಬರುವ ಹಿಂಡುಗಳನ್ನು ದಿಕ್ಕಿಗೊಬ್ಬರಂತೆ ಹಂಚಿಕೊಂಡರೆ ಒಂದೇ ಹಿಂಡು ಎರಡು ಸಲ ಪುಸ್ತಕ ಸೇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿವರ್ಷ ಅದೇ ಜಾಗ, ಅದೇ ಹೊತ್ತು. 1987ರಿಂದ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾ ನೀರುಹಕ್ಕಿ ಗಣತಿಯ ಬಲವೆಲ್ಲ ಈ ಪುನರಾವರ್ತನೆಯಲ್ಲಿದೆ.

ಕೂಡ್ಲಿಗಿ, ಕೊಟ್ಟೂರು ಕಡೆಯ ಕೆರೆಗಳು ಬರದ ವರ್ಷ ಬರಿದಾಗುತ್ತವೆ, ಎಣಿಸುವವರೂ ಮನೆಯಲ್ಲೇ ಉಳಿಯುತ್ತಾರೆ. ಇದು ತಪ್ಪು. ಹಕ್ಕಿಯಿಲ್ಲದ ಕೆರೆಯ ಸೊನ್ನೆ ದಾಖಲಾಗದಿದ್ದರೆ, ಮಳೆಯಾದ ವರ್ಷದ ಸಾವಿರಕ್ಕೆ ಹೋಲಿಕೆಯೇ ಇರುವುದಿಲ್ಲ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು ಈ ಐದೂ ತಾಲ್ಲೂಕುಗಳ ಆಸಕ್ತರು ಬರುವ ಜನವರಿಯಲ್ಲಿ ತಮ್ಮೂರ ಕೆರೆಗೆ ಹೋಗಲಿ. ಹಕ್ಕಿ ಕಂಡರೂ, ಕಾಣದಿದ್ದರೂ, ದಿನಾಂಕ, ಹೊತ್ತು, ನೀರಿನ ಮಟ್ಟದೊಡನೆ ಬರೆದಿಡಲಿ.