ಎರಡೇ ವೈರು ಅನ್ನೋ ಅರ್ಧ ಸತ್ಯ

ಮಾಡೆಲ್ ರೈಲಿನ ಡಿಜಿಟಲ್ ಸ್ಟಾರ್ಟರ್ ಸೆಟ್ ಯಾವುದನ್ನೇ ನೋಡಿ, ಅದರ ಬಗ್ಗೆ ಹೇಳೋ ಮೊದಲ ಮಾತು ಒಂದೇ: ‘ಹಳಿಗೆ ಎರಡೇ ಎರಡು ವೈರು ಸಿಕ್ಕಿಸಿ, ಆಟ ಶುರು.’ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಎರಡು ಬೆಡ್‌ರೂಮಿನ ಮನೆಯಲ್ಲಿ, ಆಫೀಸಿನ ಕರೆಗಳ ನಡುವೆ ಈ ಹವ್ಯಾಸ ಶುರು ಮಾಡೋಕೆ ಹೊರಟವರು ಇದನ್ನ ನಂಬಿದರೆ ಒಂದೇ ತಿಂಗಳಲ್ಲಿ ಪೆಟ್ಟಿಗೆ ಅಟ್ಟ ಸೇರುತ್ತೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಡಿಜಿಟಲ್‌ನ ಹೆಚ್ಚುಗಾರಿಕೆ ಏನು ಅನ್ನೋದನ್ನೇ ಅದು ಮರೆಮಾಚುತ್ತೆ ಅನ್ನೋದು ನನ್ನ ತಕರಾರು.

ಮೊದಲು ಹೆಚ್ಚುಗಾರಿಕೆ. ಹಳೇ ಡಿಸಿ ಪದ್ಧತಿಯಲ್ಲಿ ನಾವು ಓಡಿಸೋದು ರೈಲನ್ನಲ್ಲ, ಹಳಿಯನ್ನ. 0ಯಿಂದ 12 ವೋಲ್ಟ್‌ವರೆಗೆ ಏರಿಸಿದ ಹಾಗೆ ಆ ಹಳಿ ಮೇಲಿರೋ ಎಲ್ಲ ಎಂಜಿನ್ನೂ ಓಡುತ್ತೆ, ಪ್ಲಸ್ಸು ಮೈನಸ್ಸು ಅದಲುಬದಲಾದರೆ ಎಲ್ಲವೂ ಹಿಂದಕ್ಕೆ. ಒಂದನ್ನ ನಿಲ್ಲಿಸಿ ಇನ್ನೊಂದನ್ನ ಓಡಿಸಬೇಕಾದರೆ ಹಳಿಯನ್ನೇ ತುಂಡು ತುಂಡು ಮಾಡಿ, ತುಂಡಿಗೊಂದು ಸ್ವಿಚ್ ಹಾಕಬೇಕು. ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್‌ನಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜು, ಎಚ್‌ಒ ಅಳತೆಯಲ್ಲಿ ಸುಮಾರು 15 ವೋಲ್ಟ್. ನಮ್ಮ ಮೆಟ್ರೋದ ನೇರಳೆ ಮಾರ್ಗ ಇದಕ್ಕೆ ಹತ್ತಿರದ ಉದಾಹರಣೆ. ಮೂರನೇ ಹಳಿಯಲ್ಲಿ 750 ವೋಲ್ಟ್ ಸದಾ ಇರುತ್ತೆ. ಅತ್ತಿಗುಪ್ಪೆಯಲ್ಲಿ ನಿಂತ ರೈಲಿಗೂ ವಿಜಯನಗರ ಬಿಟ್ಟ ರೈಲಿಗೂ ಕರೆಂಟ್ ಸಿಗ್ತಿದೆ; ಎಷ್ಟು ಬಳಸಬೇಕು ಅನ್ನೋದು ಆಯಾ ರೈಲಿನೊಳಗೆ ತೀರ್ಮಾನ ಆಗುತ್ತೆ. ಮಾಡೆಲ್ ಎಂಜಿನ್ನಿನೊಳಗೆ ಆ ತೀರ್ಮಾನ ಮಾಡೋ ಪುಟ್ಟ ಬೋರ್ಡೇ ಡಿಕೋಡರ್.

ಅದಕ್ಕೆ ಸುದ್ದಿ ಮುಟ್ಟೋ ರೀತಿ ನೆಟ್‌ವರ್ಕ್ ಗೊತ್ತಿರೋರಿಗೆ ಖುಷಿ ಕೊಡುತ್ತೆ. ಹಳಿಯ ಕರೆಂಟೇ ದಿಕ್ಕು ಬದಲಿಸುತ್ತಾ ಸುದ್ದಿ ಒಯ್ಯುತ್ತೆ: 58 ಮೈಕ್ರೋಸೆಕೆಂಡಿಗೆ ದಿಕ್ಕು ಬದಲಾದರೆ ಅದು 1, ಸುಮಾರು 100 ಮೈಕ್ರೋಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ 0. ಹೀಗೆ ಜೋಡಿಸಿದ ಪ್ಯಾಕೆಟ್‌ನಲ್ಲಿ ಎಂಜಿನ್ನಿನ ವಿಳಾಸ, ಆದೇಶ, ಕೊನೆಗೆ ತಪ್ಪು ಹಿಡಿಯೋಕೆ ಒಂದು ಬೈಟು. ಮೂಲ ಡಿಸಿಸಿಯಲ್ಲಿ ಎಂಜಿನ್ ತಿರುಗಿ ಉತ್ತರ ಕೊಡಲ್ಲ. ಅದಕ್ಕೇ ಕಮಾಂಡ್ ಸ್ಟೇಷನ್ ಅದೇ ಆದೇಶವನ್ನ ಮತ್ತೆ ಮತ್ತೆ ಕಳಿಸ್ತಾನೇ ಇರುತ್ತೆ. ಯುಡಿಪಿ ಇದ್ದ ಹಾಗೆ.

ಇದು ಯಾವುದೇ ಒಂದು ಕಂಪನಿಯ ಗುಟ್ಟಲ್ಲ. ಜರ್ಮನಿಯ ಲೆಂಜ್ ಕಂಪನಿಯ ವಿಧಾನವನ್ನ ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1994ರಲ್ಲಿ ಇದನ್ನ ಮುಕ್ತ ಮಾನದಂಡ ಮಾಡಿತು. ಒಬ್ಬರ ಡಿಕೋಡರ್ ಇನ್ನೊಬ್ಬರ ಕಮಾಂಡ್ ಸ್ಟೇಷನ್ನಿಗೆ ಓಗೊಡೋದು ಅದರಿಂದಲೇ. ಆದರೆ ಆ ಒಪ್ಪಂದ ಹಳಿ ಮತ್ತು ಎಂಜಿನ್ನಿನ ನಡುವೆ ಮಾತ್ರ. ಕೈಯಲ್ಲಿ ಹಿಡಿಯೋ ಕಂಟ್ರೋಲರ್‌ನಿಂದ ಕಮಾಂಡ್ ಸ್ಟೇಷನ್‌ವರೆಗಿನ ಭಾಷೆ ಒಬ್ಬೊಬ್ಬರದು ಒಂದೊಂದು: ಲೆಂಜ್‌ನದು ಎಕ್ಸ್‌ಪ್ರೆಸ್‌ನೆಟ್, ಡಿಜಿಟ್ರ್ಯಾಕ್ಸ್‌ನದು ಲೋಕೋನೆಟ್. ನಮ್ಮನ್ನ ಒಂದೇ ಅಂಗಡಿಗೆ ಕಟ್ಟಿಹಾಕೋದು ಇಲ್ಲೇ. ಈ ವಿಷಯ ಪೆಟ್ಟಿಗೆ ಮೇಲೆ ಇರಲ್ಲ.

ಇನ್ನು ಎರಡೇ ವೈರು. ಒಂದು ಮೇಜಿನ ಉಂಗುರದಷ್ಟು ಹಳಿಗೆ ಸಾಕು, ನಿಜ. ಹಳಿ ಬೆಳೆದ ಹಾಗೆ ಜಾಯಿಂಟ್‌ಗಳಲ್ಲಿ ವೋಲ್ಟೇಜ್ ಸೋರುತ್ತೆ, ಆಗ ಅಲ್ಲಲ್ಲಿ ಪ್ರತ್ಯೇಕ ವೈರು ಕೊಡಲೇಬೇಕು. ಹಳಿ ತಿರುಗಿ ಬಂದು ತನ್ನನ್ನೇ ಸೇರೋ ಕುಣಿಕೆ ಮಾಡಿದರೆ ಎರಡು ಹಳಿ ಒಂದಕ್ಕೊಂದು ತಗುಲಿ ಶಾರ್ಟ್ ಆಗುತ್ತೆ, ಅದಕ್ಕೆ ಬೇರೆ ಸಾಧನ ಬೇಕು. ಜೊತೆಗೆ ನಮ್ಮ ಧೂಳು. ಮಾಗಡಿ ರೋಡಿನ ಕಡೆ ಕಿಟಕಿ ತೆರೆದಿಟ್ಟ ಮನೆಯಲ್ಲಿ ಹಳಿ ಎಷ್ಟು ದಿನ ಹೊಳೆಯುತ್ತೆ, ನೀವೇ ಹೇಳಿ. ಡಿಸಿಯಲ್ಲಿ ಕೊಳೆ ಬಂದರೆ ಎಂಜಿನ್ ಬರೀ ತಡವರಿಸುತ್ತೆ. ಡಿಜಿಟಲ್‌ನಲ್ಲಿ ಒಳಗಿರೋದು ಕಂಪ್ಯೂಟರು. ಕ್ಷಣ ಕರೆಂಟ್ ತಪ್ಪಿದರೂ ಅದು ರೀಸೆಟ್ ಆಗಬಹುದು, ಸೌಂಡ್ ಇದ್ದರೆ ಎಂಜಿನ್ ಸದ್ದು ಮತ್ತೆ ಮೊದಲಿಂದ. ಹಾಗಾಗಿ ಮೊದಲ ಖರ್ಚು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಒಂದು ಹತ್ತಿಬಟ್ಟೆ ಆಗಿರಲಿ, ಆಪ್ ಆಮೇಲೆ.

ಎರಡನೇ ತಕರಾರು, ಈ ಸಲಹೆಗಳ ಹಿಂದಿರೋ ಮನೆ ನಮ್ಮದಲ್ಲ. ನೆಲಮಾಳಿಗೆ ಇದೆ, ಅಂಗಡಿಗೆ ಹೋದರೆ ಸ್ವಂತ ಊರಿನ ರೈಲು ಸಿಗುತ್ತೆ ಅಂತ ಅವು ಮೊದಲೇ ಅಂದುಕೊಂಡಿವೆ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು, ಹಳಿ ಅಗಲ 16.5 ಮಿ.ಮೀ. ಲೆಕ್ಕ ಹಾಕಿ: 1435 ಮಿ.ಮೀ. ಹಳಿಯ ನಮ್ಮ ಮೆಟ್ರೋ ಅದಕ್ಕೆ ಸರಿಯಾಗಿ ಕೂರುತ್ತೆ. ಕೆಂಗೇರಿ ಸ್ಟೇಷನ್ನಿನಲ್ಲಿ ನಿಲ್ಲೋ ಮೈಸೂರು ರೈಲು ಕೂರಲ್ಲ, ಬ್ರಾಡ್‌ಗೇಜಿನ 1676 ಮಿ.ಮೀ.ಗೆ 19 ಮಿ.ಮೀ. ಮೀರಿದ ಹಳಿ ಬೇಕು. ವಿಳಾಸದಲ್ಲೂ ಇದೇ ಕಥೆ. ಎಂಜಿನ್ನಿನ ನಂಬರನ್ನೇ ಡಿಕೋಡರ್ ವಿಳಾಸ ಮಾಡಿ ಅಂತಾರೆ, ಆದರೆ ಡಿಸಿಸಿ ವಿಳಾಸ 10239ಕ್ಕೆ ಮುಗಿಯುತ್ತೆ. ನಮ್ಮ ಡಬ್ಲ್ಯುಎಪಿ-7 ಎಂಜಿನ್‌ಗಳ ನಂಬರು 30 ಸಾವಿರ ದಾಟಿದ್ದು, ಕೊನೆಯ ನಾಲ್ಕಂಕಿಯಲ್ಲೇ ಸಮಾಧಾನ ಪಡಬೇಕು. ಇವು ದೊಡ್ಡ ಅಡ್ಡಿಯೇನಲ್ಲ. ದುಡ್ಡು ಹಾಕೋ ಮುಂಚೆ ಗೊತ್ತಿದ್ದರೆ ಒಳ್ಳೇದು, ಅಷ್ಟೆ.

ಮೂರನೇದು ನನಗೆ ಹೆಚ್ಚು ಮುಖ್ಯ. ಸ್ಟಾರ್ಟರ್ ಸೆಟ್ ನಮಗೆ ಒಂದು ಅಂಡಾಕಾರದ ಹಳಿ ಕೊಟ್ಟು, ಫೋನಿನಲ್ಲಿ ಹಾರ್ನು, ಬೆಲ್ಲು, ಲೈಟು ಅಂತ ಇಪ್ಪತ್ತೆಂಟು ಬಟನ್ ತೋರಿಸುತ್ತೆ. ರೈಲು ಸುತ್ತುತ್ತೆ, ನಾವು ಬಟನ್ ಒತ್ತುತ್ತೇವೆ. ಇದು ಓಡಿಸೋದಲ್ಲ, ನೋಡೋದು. ದಿನವಿಡೀ ಸ್ಕ್ರೀನು ನೋಡಿದವರಿಗೆ ಸಂಜೆ ಇನ್ನೊಂದು ಸ್ಕ್ರೀನ್ ಯಾಕೆ?

ಅದರ ಬದಲು ಇಂಗ್ಲಿಷ್ ಹವ್ಯಾಸಿ ಆಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ನೋಡಿ. ಎರಡು ಪಾಯಿಂಟು, ಮೂರು ಸೈಡಿಂಗು. ಅವುಗಳಲ್ಲಿ 5, 3, 3 ವ್ಯಾಗನ್ ಹಿಡಿಸುತ್ತವೆ. ಒಟ್ಟು 8 ವ್ಯಾಗನ್, ಚೀಟಿ ಎತ್ತಿ 5ನ್ನ ಹೇಳಿದ ಕ್ರಮದಲ್ಲಿ ಜೋಡಿಸಬೇಕು. ಸಾಧ್ಯ ಇರೋ ಕ್ರಮಗಳು 6720. ಚಿಕ್ಕ ವ್ಯಾಗನ್‌ಗಳಾದರೆ ಎಚ್‌ಒ ಅಳತೆಯಲ್ಲೂ ಐದಡಿ ಹಲಗೆ ಸಾಕು, ಆಟ ಮುಗಿದ ಮೇಲೆ ಮಂಚದ ಕೆಳಗೆ ತಳ್ಳಬಹುದು. ಒಂದೇ ಎಂಜಿನ್ನಿಗೆ ಡಿಜಿಟಲ್ ಯಾಕೆ, ಅದು ದೊಡ್ಡ ಲೇಔಟ್‌ನವರಿಗೆ ತಾನೆ ಅಂತ ಕೇಳೋರಿದ್ದಾರೆ. ನಾನು ಇದನ್ನ ಒಪ್ಪಲ್ಲ. ಮೋಟರಿನ ವೇಗ ತಾನೇ ಅಳೆದು ಸರಿಪಡಿಸಿಕೊಳ್ಳೋ ಒಳ್ಳೇ ಡಿಕೋಡರ್, 128 ವೇಗದ ಮೆಟ್ಟಿಲಲ್ಲಿ ಎಂಜಿನ್ನನ್ನ ಇರುವೆ ಹಾಗೆ ತೆವಳಿಸುತ್ತೆ. ವ್ಯಾಗನ್ನಿಗೆ ಮೆತ್ತಗೆ ತಾಗಿ ಕೊಂಡಿ ಹಾಕಿಕೊಳ್ಳೋ ಆ ಕ್ಷಣ ಡಿಜಿಟಲ್‌ನ ನಿಜವಾದ ಪರೀಕ್ಷೆ. ಅದು ನಡೆಯೋದು ಚಿಕ್ಕ ಹಲಗೆಯ ಮೇಲೆ.

ಕೋಡ್ ಬರೆಯೋ ಕೈಗಳಿಗೆ ಇನ್ನೊಂದು ದಾರಿ ಇದೆ. ಡಿಸಿಸಿ-ಇಎಕ್ಸ್ ಅನ್ನೋ ಮುಕ್ತ ತಂತ್ರಾಂಶ ಹಾಕಿದರೆ ಆರ್ಡುಯಿನೋ ಮೆಗಾ ಮತ್ತು ಒಂದು ಮೋಟರ್ ಶೀಲ್ಡ್ ಸೇರಿ ಕಮಾಂಡ್ ಸ್ಟೇಷನ್ ಆಗುತ್ತೆ. ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಗೋ ಸಾಮಾನು. ಡಿಕೋಡರ್ ಹೊಂದಿಸೋಕೆ ಉಚಿತ ಜೆಎಂಆರ್‌ಐ ಇದೆ. ಪೆಟ್ಟಿಗೆಯ ಸಲೀಸುತನ ಇದರಲ್ಲಿಲ್ಲ, ಒಂದು ವಾರಾಂತ್ಯ ಹೋಗಬಹುದು. ಆದರೆ ಹಳಿಯಲ್ಲಿ ಏನು ಹರೀತಿದೆ ಅಂತ ಗೊತ್ತಾಗುತ್ತೆ. ಮಿಕ್ಕಿದ ದುಡ್ಡನ್ನ ಒಂದೇ ಒಂದು ಒಳ್ಳೇ ಎಂಜಿನ್ ಮೇಲೆ ಹಾಕಿ. ಒಂದು ಎಚ್ಚರಿಕೆ: ಹಳೇ ಡಿಸಿ ಕಂಟ್ರೋಲರನ್ನ ಅದೇ ಹಳಿಗೆ ಜೊತೆಯಲ್ಲೇ ಜೋಡಿಸಬೇಡಿ, ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತೆ.

ಹಾಗಾದರೆ ಸ್ಟಾರ್ಟರ್ ಸೆಟ್ ಬೇಡವೇ? ಮಗುವಿಗೆ ಕೊಡಿಸೋದಾದರೆ ಧಾರಾಳವಾಗಿ ಬೇಕು. ನಿಮಗಾದರೆ ಕೊಳ್ಳೋ ಮುಂಚೆ ಎರಡು ಪ್ರಶ್ನೆ ಕೇಳಿ: ಇದು ಮುಕ್ತ ಡಿಸಿಸಿ ಮಾನದಂಡಕ್ಕೆ ಒಪ್ಪುತ್ತಾ? ಇದರಲ್ಲಿ ರೈಲು ಎಷ್ಟು ನಿಧಾನ ಓಡುತ್ತೆ? ಎಷ್ಟು ಬಟನ್ ಇವೆ ಅನ್ನೋದು ಆಮೇಲಿನ ಮಾತು.